ಎಡಗೈಗೆ ಒಂದು ಲಿವರ್ ಕೋವಿ

ನಿಕಿಫೋರ್ ಪೆಸ್ಟ್ರಿಕೋಫ್‌ನಂಥ ಹಟಮಾರಿಗೆ ಕೋವಿ ಆರಿಸಿಕೊಡುವುದಕ್ಕಿಂತ ಕರಡಿಗೆ ಸ್ನಾನ ಮಾಡಿಸುವುದು ಸುಲಭ. ಕೊಡಿಯಾಕ್ ಬಂದರಿನ ಪಕ್ಕದಲ್ಲಿ ಹಗ್ಗ, ಗಾಳ, ಕೋವಿ, ತೋಟೆ ಮಾರುವ ಅಂಗಡಿ ನನ್ನದು. ಹೆಸರು ಎವ್ದೋಕಿಯಾ, ದ್ವೀಪದಲ್ಲಿ ಎಲ್ಲರಿಗೂ ದುನ್ಯಾ. ಪ್ರತಿ ಮೇ ತಿಂಗಳು ನದಿ ಕಾವಲಿನವರಿಗೆ ಈಡು ಹೊಡೆಸಿ ಪರೀಕ್ಷೆ ಮಾಡುವವಳೂ ನಾನೇ. ಗಂಡ ಮಾಡುತ್ತಿದ್ದ ಕೆಲಸ, ಅವನು ಸತ್ತ ಮೇಲೆ ನನ್ನ ಕೊರಳಿಗೆ ಬಿತ್ತು.

ಕಾವಲೆಂದರೆ ಇಷ್ಟೇ. ಬೇಸಿಗೆಯಲ್ಲಿ ಸಾಲ್ಮನ್ ಮೀನು ನದಿ ಹತ್ತುವಾಗ ಅದನ್ನು ಎಣಿಸಲು ಜನ ಹೋಗುತ್ತಾರೆ, ತಿನ್ನಲು ಕರಡಿ ಬರುತ್ತದೆ. ಇಬ್ಬರ ನಡುವೆ ಕೋವಿ ಹಿಡಿದು ಒಬ್ಬ ನಿಲ್ಲಬೇಕು. ನಿಕಿಫೋರ್ ಮೂವತ್ತೊಂದು ಬೇಸಿಗೆ ಹಾಗೆ ನಿಂತ. ಅವನ ಬೆನ್ನ ಹಿಂದಿನವರಿಗೆ ಒಂದು ಗೀರೂ ಬಿದ್ದದ್ದಿಲ್ಲ, ಅವನು ಒಂದು ಕರಡಿಯನ್ನೂ ಕೊಂದದ್ದಿಲ್ಲ. ಕುಡಿದು ಬಂದ ಭಾವಮೈದುನನನ್ನು ಗದರುವಂತೆ ಕರಡಿಯನ್ನು ಗದರುತ್ತಿದ್ದ. "ಹೋಗೋ ಮಾರಾಯ, ನಿನ್ ಪಾಲಿನ ಮೀನು ಆ ಕಡೆ ಐತೆ." ಕರಡಿ ಹೋಗುತ್ತಿತ್ತು. ಹೆಂಡತಿ ಮತ್ರೋನಾ ತೀರಿಕೊಂಡ ಮೇಲಂತೂ ಅವನಿಗೆ ಆ ನದಿಯೊಂದೇ ಗತಿ. ಚಳಿಗಾಲ ಪೂರ್ತಿ ಕಾಯುವುದು, ಬೇಸಿಗೆಯಲ್ಲಿ ಬದುಕುವುದು. ಅವನೇ ಹಾಗೆನ್ನುತ್ತಿದ್ದ.

ಕಳೆದ ಶರತ್ಕಾಲದಲ್ಲಿ ದೋಣಿಯ ಹಲಗೆಯ ಮೇಲೆ ಮೀನಿನ ಲೋಳೆಗೆ ಕಾಲು ಜಾರಿ ಬಲಭುಜ ಪುಡಿಯಾಯಿತು. ಆಸ್ಪತ್ರೆಯಲ್ಲಿ ತಗಡು, ಮೊಳೆ ಹಾಕಿ ಜೋಡಿಸಿದರು. ಆ ಭುಜಕ್ಕೆ ಇನ್ನು ಕೋವಿ ಒರಗಿಸುವಂತಿಲ್ಲ ಎಂದುಬಿಟ್ಟರು. ಫೆಬ್ರವರಿಯಲ್ಲಿ, ಬೀದಿಯಲ್ಲಿ ಇನ್ನೂ ಹಿಮ ಇರುವಾಗಲೇ, ಕಂಕುಳಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನಿನ ಪೊಟ್ಟಣ ಇಟ್ಟುಕೊಂಡು ಅಂಗಡಿಗೆ ಬಂದ.

"ದುನ್ಯಾ, ಎಡಗೈಗೆ ಒಂದು ಕೋವಿ ಕೊಡೇ."

"ಎಡಗೈಲಿ ಚಮಚ ಹಿಡಿಯಕ್ಕೆ ಬರುತ್ತೇನೋ ನಿಂಗೆ?"

"ಕಲೀತೀನಿ. ಮೇ ತಿಂಗಳಿಗೆ ಇನ್ನೂ ಮೂರು ತಿಂಗಳೈತೆ."

ಅವನ ಹಳೆಯ ಬೋಲ್ಟ್ ಕೋವಿಯಲ್ಲಿ ತೋಟೆ ಏರಿಸಲು ಎಳೆಯುವ ಹಿಡಿ ಇರುವುದು ಬಲಗಡೆ. ಎಡಗೈಯವನಿಗೆ ಲಿವರ್ ಕೋವಿಯೇ ಸರಿ. ಬೆರಳಿನಿಂದ ಎಳೆಯುವ ಕುದುರೆಯ ಸುತ್ತಲಿನ ಬಳೆಯನ್ನು, ಅಂದರೆ ಲಿವರನ್ನು, ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಮುಂದಿನ ತೋಟೆ ತಾನೇ ಏರುತ್ತದೆ, ಎಡ ಬಲ ಎಂಬ ಭೇದವಿಲ್ಲ. ಮೂರನ್ನು ಇಳಿಸಿ ಮುಂದಿಟ್ಟೆ. ಮೊದಲನೆಯದು ಹಗುರ, ಆದರೆ ಗುಂಡು ಸಣ್ಣದು, ಕಾವಲಿಗೆ ಒಪ್ಪುವುದಿಲ್ಲ. ಉಳಿದೆರಡೂ ನಾವು ನಲವತ್ತೈದು-ಎಪ್ಪತ್ತು ಎನ್ನುವ ಹೆಬ್ಬೆರಳು ಗಾತ್ರದ ತೋಟೆಯವು. ಉದ್ದ ನಳಿಗೆಯದು ಒದೆಯುವುದು ಕಡಿಮೆ, ಆದರೆ ಮುಂಭಾರ. ಗಿಡ್ಡದು ಎತ್ತಲು ಹಗುರ, ಆದರೆ ಕತ್ತೆಯಂತೆ ಒದೆಯುತ್ತದೆ.

ಉದ್ದದ್ದನ್ನು ಎತ್ತಿದ. ನಳಿಗೆಗೆ ಕೊಟ್ಟಿದ್ದ ಬಲಗೈ ನಡುಗಿ ಹತ್ತು ಎಣಿಸುವುದರೊಳಗೆ ಇಳಿಯಿತು. ನಾನು ಕಿಟಕಿಯ ಕಡೆ ನೋಡಿದೆ.

"ಗಿಡ್ಡದು ತಗೋ. ಎಡಭುಜ ಗಟ್ಟಿ ಐತಲ್ಲ, ಒದೆ ತಿನ್ನಲಿ ಬಿಡು," ಎಂದೆ.

"ಮತ್ರೋನಾ ಕೈಲೂ ತಿಂದಿದೀನಿ. ಇದ್ಯಾವ ಲೆಕ್ಕ!"

ಇಬ್ಬರೂ ನಕ್ಕೆವು. ಆ ಕೈ ನಡುಗಿದಾಗಲೇ ಇದು ಆಗದ ಮಾತೆಂದು ನನಗೆ ಗೊತ್ತಾಗಿತ್ತು. ಆದರೂ ಆರಿಸಿಕೊಟ್ಟೆ. ಬೇಡ ಎನ್ನಲು ನಾಲಿಗೆ ಏಳಲಿಲ್ಲ, ಹೇಡಿ ನಾನು.

ಮೂರು ತಿಂಗಳು ಕಲ್ಲುಗಣಿಯ ಹಳ್ಳದಲ್ಲಿ ಅಭ್ಯಾಸ ಮಾಡಿದ, ಆಗಾಗ ನಾನೂ ಹೋಗಿ ನೋಡುತ್ತಿದ್ದೆ. ಎಡಭುಜ ನೇರಳೆ ಬಣ್ಣಕ್ಕೆ ತಿರುಗಿತು. ಗುರಿಯೇನೋ ಕೂತಿತು, ತೊಂದರೆ ಬೇರೆಯೇ ಇತ್ತು. ನಮ್ಮ ಕರಡಿಗಳಿಗೆ ಈಡಿನ ಸದ್ದೆಂದರೆ ಊಟಕ್ಕೆ ಕರೆದ ಹಾಗೆ. ಯಾರೋ ಜಿಂಕೆ ಹೊಡೆದರು ಎಂದು ಮೂಗೆತ್ತಿಕೊಂಡು ಬರುತ್ತವೆ. ಅದಕ್ಕೇ ಇಲ್ಲಿನ ಬೇಟೆಗಾರ ಒಂದು ಈಡು ಹೊಡೆದ ಮೇಲೆ ಇನ್ನೊಂದು ಸದ್ದು ಮಾಡುವುದಿಲ್ಲ. ಬೋಲ್ಟನ್ನು ಮೆಲ್ಲಗೆ ಎಳೆದು, ಖಾಲಿ ತೋಟೆ ಕಲ್ಲಿಗೆ ಬೀಳದಂತೆ ಅಂಗೈಯಲ್ಲಿ ಹಿಡಿಯುತ್ತಾನೆ. ಜಿಂಕೆ ಬೇಟೆಯಲ್ಲಿ ನಿಕಿಫೋರ್‌ನಷ್ಟು ಮೆತ್ತಗೆ ಕೋವಿ ತೆರೆಯುವವರು ದ್ವೀಪದಲ್ಲೇ ಇರಲಿಲ್ಲ. ಅದೇ ಮುಳುವಾಯಿತು. ಲಿವರನ್ನು ಮೆತ್ತಗೆ ಎಳೆದರೆ ಅದು ಪೂರ್ತಿ ಇಳಿಯುವುದಿಲ್ಲ, ಹೊಸ ತೋಟೆ ಏರುವುದಿಲ್ಲ, ಕುದುರೆ ಎಳೆದರೆ ಬರೀ ಖಟ್ ಎನ್ನುತ್ತದೆ, ಈಡು ಸಿಡಿಯುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

"ಹೊಡಿಯೋ ಅದನ್ನ, ಬಾಗಿಲು ಬಡಿದಂಗೆ ಬಡಿ!" ಎಂದು ನಾನು ಎಷ್ಟು ಸಲ ಬೈದೆನೋ.

"ಬಡೀತೀನಿ ಕಣೇ. ಕೈ ಮರ್ತೋಗುತ್ತೆ."

ಮೇ ಬಂತು. ಈಸ್ಟರ್ ಕಳೆದ ಎರಡನೇ ವಾರ ಪರೀಕ್ಷೆ. ಹಳ್ಳದಲ್ಲಿ ನಾವಿಬ್ಬರೇ. ಹದಿನೈದು ಹೆಜ್ಜೆ ದೂರದಲ್ಲಿ ಹಲಗೆಯ ಕರಡಿ, ಹದಿನೈದು ಸೆಕೆಂಡಿನಲ್ಲಿ ನಾಲ್ಕು ಈಡು, ಎರಡು ಅವಕಾಶ. ಅವನು ಶಿಲುಬೆ ಗುರುತು ಹಾಕಿಕೊಂಡ.

ಮೊದಲ ಈಡು ಎದೆಗೆ. ಎರಡನೆಯದೂ ಅಲ್ಲೇ. ಮೂರನೆಯದಕ್ಕೆ ಲಿವರ್ ಅರ್ಧ ಇಳಿದು ಮೇಲೆದ್ದಿತು, ಮೆತ್ತಗೆ, ಎಷ್ಟು ಚೆಂದ. ಖಟ್ ಎಂದಿತು, ಸಿಡಿಯಲಿಲ್ಲ. ಹಳೆಯ ರೂಢಿಯಂತೆ ನಿಕಿಫೋರ್‌ನ ಬಲ ಅಂಗೈ ನಳಿಗೆ ಬಿಟ್ಟು ಖಾಲಿ ತೋಟೆಗಾಗಿ ಚಾಚಿಕೊಂಡಿತ್ತು. ಅವನಿಗೆ ಅದು ತಿಳಿಯಲೂ ಇಲ್ಲ.

ಎರಡನೆಯ ಸಲ ಹಲ್ಲು ಕಚ್ಚಿ ಲಿವರನ್ನು ಬಡಿದ. ಆ ರಭಸಕ್ಕೆ ಬಲಗೈ ಕುಸಿಯಿತು. ಎರಡು ಈಡು ಮಣ್ಣಿಗೆ ಹೋದವು. ಸಮಯ ಮುಗಿಯಿತು.

ಕೋವಿಯನ್ನು ಕಲ್ಲಿಗೆ ಒರಗಿಸಿ ನನ್ನ ಪಕ್ಕ ಕೂತ. ಉಸಿರು ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಆಯ್ತು ಅಂತ ಬರಿ ದುನ್ಯಾ. ಯಾರ್ ನೋಡಿದಾರೆ?"

ನಾನು ಚೀಲದಿಂದ ಪರೀಕ್ಷೆಯ ಕಾಗದ ತೆಗೆದೆ.

"ಕರಡಿಗಳಿಗೆ ನಾನು ಗೊತ್ತು. ಮೂವತ್ತೊಂದು ವರ್ಷದಲ್ಲಿ ಕೋವಿ ಬೇಕಾಗಿದ್ದೆಲ್ಲೇ? ಇದೊಂದು ಬೇಸಿಗೆ. ಆಮೇಲೆ ಕೇಳಲ್ಲ, ಮತ್ರೋನಾ ಆಣೆ."

ಸುಳ್ಳು. ಮುಂದಿನ ವರ್ಷವೂ ಕೇಳುತ್ತಿದ್ದ. ನಾನೂ ಬರೆಯುತ್ತಿದ್ದೆನೋ ಏನೋ. ಲೇಖನಿಯ ಮುಚ್ಚಳ ತೆಗೆದೆ. ಕಾಗದದ ಕೊನೆಯ ಪ್ರಶ್ನೆ: ಇತರರ ಜೀವ ಕಾಯಲು ಈ ವ್ಯಕ್ತಿ ಸಮರ್ಥನೇ? ಹೌದು ಎಂದು ಬರೆದರೆ ಅವನು ಬದುಕುತ್ತಾನೆ. ಇಲ್ಲ ಎಂದು ಬರೆದರೆ ಬಂದರಿನ ಬೆಂಚಿನ ಮೇಲೆ ಕೂತು ಸಾಯುತ್ತಾನೆ. ಕೈ ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಹೋಗಲಿಲ್ಲ.

"ಈ ಸಲ ಮೀನು ಎಣಿಸಕ್ಕೆ ಯಾರು ಬರ್ತಾವ್ರೆ?" ಎಂದು ಕೇಳಿದ.

"ಅಕ್ಕ ತಂಗಿ ಇಬ್ರು. ಹೊಸಬರು. ಕರಡೀನ ಚಿತ್ರದಲ್ಲಿ ಬಿಟ್ಟು ನೋಡಿಲ್ವಂತೆ."

ಅವನು ಹಲಗೆಯ ಕರಡಿಯನ್ನೇ ನೋಡುತ್ತಾ ಕೂತ. ಅದರ ಎದೆಯಲ್ಲಿ ಎರಡೇ ತೂತು. ಸಮುದ್ರದ ಕಡೆಯಿಂದ ಗಾಳಿ ಬೀಸಿ ಕಾಗದ ಪಟಪಟ ಎಂದಿತು. ಆಮೇಲೆ ಅವನು ನನ್ನ ಬೆರಳುಗಳಿಂದ ಲೇಖನಿ ಬಿಡಿಸಿಕೊಂಡು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡ. ಎಡಗೈಯಲ್ಲಿ, ಸೊಟ್ಟ ಸೊಟ್ಟ ಅಕ್ಷರಗಳಲ್ಲಿ, 'ಇಲ್ಲ' ಎಂದು ಅವನೇ ಬರೆದ.

"ಇವತ್ತು ಎಷ್ಟನೇ ತಾರೀಕು?" ಎಂದು ಕೇಳಿದ.

ಹೇಳಿದೆ. ಅದನ್ನೂ ಬರೆದ.