ಹೆಗಲಿಗೆ ಮರಳಿದ ಟವೆಲ್

ಭಾರವಾಹನ ಚಾಲನೆಯೂ ಒಂದು ವಿದ್ಯೆಯೆಂದು ನಮ್ಮ ಕೊಪ್ಪಳ ಸೀಮೆಗೆ ಮನಗಾಣಿಸಿದವರಲ್ಲಿ ಗುರುಗಳಾದ ಶ್ರೀ ದೇವೇಂದ್ರಪ್ಪನವರದು ಮೊದಲ ಸಾಲಿನ ಹೆಸರು. ಲಾರಿ ಓಡಿಸುವುದಕ್ಕೂ ಗುರು ಬೇಕೇ ಎಂದು ಮೂಗು ಮುರಿಯುವವರು, ಮಳೆಗಾಲದಲ್ಲಿ ಯಲಬುರ್ಗಾದ ಅಂಟುವ ಕಪ್ಪು ಎರೆ ಹೊಲಕ್ಕೆ ತುಂಬಿದ ಟಿಪ್ಪರ್ ಒಮ್ಮೆ ಇಳಿಸಿ ನೋಡಲಿ, ಆಮೇಲೆ ಮಾತಾಡೋಣ.

ಕೊಪ್ಪಳ ಜಿಲ್ಲೆಯಾದ ೧೯೯೭ರಲ್ಲೇ ಅವರು ಹಿಟ್ನಾಳದ ನಮ್ಮ ಟಿಪ್ಪರ್ ಯಾರ್ಡಿಗೆ ಚಾಲಕರಾಗಿ ಬಂದು, ಮುಂದೆ ತರಬೇತುದಾರರಾದರು. ೨೦೦೪ರಲ್ಲಿ ನನ್ನ ತಂದೆ ತೀರಿಕೊಂಡು ನಾನು ಚಾಲನೆ ಕಲಿಯಲು ಹೊರಟಾಗ, ಮಗನಿಗೆ ಲಾರಿಯ ಸಹವಾಸವೇ ಬೇಡವೆಂದು ಹಟ ಹಿಡಿದ ಅವ್ವ ಮಾಳವ್ವನನ್ನು ಒಪ್ಪಿಸಲು ಅಳವಂಡಿಯ ನಮ್ಮ ಮನೆಯವರೆಗೂ ಬಂದವರು ಅವರು. “ಹೆಂಗ ಕಳಸ್ತೀಯವ್ವಾ, ಹಂಗ ತಿರುಗಿ ಮನಿಗಿ ಕಳಸ್ತೀನಿ” ಎಂದರಂತೆ. ಆ ಮಾತನ್ನು ಅವರು ಉಳಿಸಿಕೊಂಡರು.

ಹಿಂದಿನ ಆಕ್ಸಲ್ಲಿನ ಮರ್ಮವನ್ನು ಅವರು ಕಣದಲ್ಲಿ ತೆನೆ ತುಳಿಯುವ ಎತ್ತುಗಳ ಹಂತಿಯಿಂದ ತಿಳಿಸುತ್ತಿದ್ದರು. ಹಂತಿ ಸುತ್ತುವಾಗ ಒಳಗಿನ ಎತ್ತು ಸಾವಕಾಶ, ಹೊರಗಿನದು ಬಿರುಸು. ತಿರುವಿನಲ್ಲಿ ಗಾಲಿಗಳೂ ಹಾಗೆಯೇ. ಆಕ್ಸಲ್ಲಿನ ಡಿಫರೆನ್ಷಿಯಲ್ ಲಾಕ್ ಹಾಕಿದರೆ ಎರಡೂ ಗಾಲಿ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ; ಕೆಸರು ದಾಟಲು ಅದು ವರ, ತಿರುವಿನಲ್ಲಿ ಶಾಪ. ಗಾಲಿ ಸುಮ್ಮನೆ ಗರಗರ ತಿರುಗುವಾಗ ಹಾಕಕೂಡದು, ನಿಲ್ಲಿಸಿ ಹಾಕಬೇಕು. ಮೆಲ್ಲಗೆ ನೇರ ದಾಟಿ, ಗಟ್ಟಿ ನೆಲ ಸಿಕ್ಕೊಡನೆ ತೆಗೆಯಬೇಕು. ಆದರೆ ನಮ್ಮವರ ರೂಢಿಯೇ ಬೇರೆ: ಮುಂದೆ ಮತ್ತೆ ಎರೆ ಬರುತ್ತದಲ್ಲ ಎಂದು ಲಾಕ್ ತೆಗೆಯದೇ ಹೋಗುವುದು, ಆಮೇಲೆ ಮರೆಯುವುದು. ಹಳೆಯ ಗಾಡಿಗಳ ಎಚ್ಚರಿಕೆಯ ದೀಪಗಳೋ, ದೇವರಿಗೇ ಪ್ರೀತಿ! ಅದಕ್ಕೇ ಗುರುಗಳು ಒಂದು ಪದ್ಧತಿ ತಂದರು. ಲಾಕ್ ಹಾಕಿದವನು ಹೆಗಲ ಟವೆಲನ್ನು ಹೊರಗನ್ನಡಿಯ ಕಂಬಿಗೆ ಕಟ್ಟಬೇಕು. ತೆಗೆದ ಮೇಲಷ್ಟೇ ಅದು ಹೆಗಲಿಗೆ ಬರಬೇಕು. ಅರಿವೆ ಒಣಹಾಕುವ ಯಾರ್ಡು ಎಂದು ಸುತ್ತಲಿನವರು ನಕ್ಕರು. ನಗಲಿ ಬಿಡಿ.

೨೦೧೬ರ ಮಳೆಗಾಲ. ಅಳವಂಡಿ ಬಳಿ ಗಾಳಿಯಂತ್ರದ ಕೆಲಸಕ್ಕೆ ನಮ್ಮ ಟಿಪ್ಪರ್‌ಗಳು ಕಲ್ಲು ಹೊರುತ್ತಿದ್ದವು. ಎರೆ ದಾಟಿದ ದಾರಿ ಇಳಿಜಾರಿನಲ್ಲಿ ಬಂದು ಡಾಂಬರು ರಸ್ತೆಗೆ ತಿರುಗುವಲ್ಲಿ, ಎದುರಿನ ಬದುವಿನ ಮೇಲೆ ಹತ್ತಿ ಹೊಲದ ಹೆಣ್ಣಾಳುಗಳು ಬುತ್ತಿ ಬಿಚ್ಚಿ ಕೂತಿದ್ದರು. ಅವರಲ್ಲಿ ನನ್ನ ಅವ್ವನೂ ಇದ್ದಳು. ಗುರುಗಳ ಪಕ್ಕದಲ್ಲಿ ನಿಂತ ನನಗೆ ಕಂಡದ್ದು ನಮ್ಮ ಯಾರ್ಡಿನ ಚಾಲಕ ಗಾದಿಲಿಂಗಪ್ಪ ಓಡಿಸಿಕೊಂಡು ಬರುತ್ತಿದ್ದ ತುಂಬಿದ ಟಿಪ್ಪರ್. ಅವರಿಗೆ ಕಂಡದ್ದು ಕನ್ನಡಿಯ ಟವೆಲ್. ಲಾಕ್ ಬಿದ್ದ ಗಾಡಿ ಅಲ್ಲಿ ತಿರುಗದೆ ನೇರ ಬದುವಿಗೇ ನುಗ್ಗುತ್ತಿತ್ತು. ಹೆಂಗಸರಿಗೆ ಏಳಿರೆಂದು ಕೂಗುವಂತೆ ನನಗೆ ಹೇಳಿ, ಅವರು ಎರಡೂ ಕೈ ಎತ್ತಿಕೊಂಡು ಏರಿನತ್ತ ಓಡಿದರು. ನಾನು ಕೂಗುತ್ತ ಬದುವಿನತ್ತ ಓಡಿದೆ.

ಟಿಪ್ಪರ್ ಇಳಿಜಾರಿನ ನಡುವೆಯೇ ನಿಂತಿತು. ಕೆಲಸ ಕೆಡಿಸಿದಿರೆಂದು ಗಾದಿಲಿಂಗಪ್ಪ ಕೆಂಡವಾದ.

“ತಮ್ಮಾ, ಟವೆಲ್ ಇನ್ನಾ ಕನ್ನಡಿಗೇ ಐತಿ. ಹೆಗಲಿಗಿ ಹಾಕ್ಕೊಂಡು ಬಾ” ಎಂದರು ಗುರುಗಳು, ಅಷ್ಟೇ. ಅವನು ಕನ್ನಡಿ ನೋಡಿದ, ಬದು ನೋಡಿದ, ಕೆಳಗಿಳಿದು ಅವರ ಕಾಲು ಮುಟ್ಟಿದ. ಮಾಲೀಕರ ಮುಂದೆ ಗುರುಗಳು ಅವನ ಹೆಸರು ಎತ್ತಲಿಲ್ಲ, ಅವನೇ ಹೇಳಿಕೊಂಡ. ಇಂದು ಯಾರ್ಡಿನಲ್ಲಿ ಟವೆಲ್ ಇಲ್ಲದ ಚಾಲಕನನ್ನು ಗೇಟಿನಲ್ಲೇ ತಡೆಯುವವನು ಅವನೇ.

ಇಂಥವರ ಕೈಯಲ್ಲಿ ಕಲಿತೆನೆಂಬ ಹೆಮ್ಮೆ ನನಗೆ ಈ ಜನ್ಮಕ್ಕೆ ಸಾಕು. ನಿವೃತ್ತಿಯ ಬಳಿಕವೂ ಅವರು ಹೊಸಬರಿಗೆ ಎರೆಯ ಪಾಠ ಹೇಳುತ್ತಿರಲಿ, ನೂರು ಮಳೆಗಾಲ ಕಾಣಲಿ. ಅವರ ನಿವೃತ್ತಿಯ ಸನ್ಮಾನಕ್ಕೆ ಯಾವ ಶಾಲು ತರೋಣವೆಂದು ಮನೆಯಲ್ಲಿ ಚರ್ಚಿಸುತ್ತಿದ್ದಾಗ ಅವ್ವ ನಡುವೆ ಬಾಯಿ ಹಾಕಿದಳು.

“ಶಾಲು ನೀವು ಹೊದಿಸ್ರಿ. ಹೆಗಲಿಗಿ ಟವೆಲ್ ನಾನ ಹಾಕತೀನಿ.”