ಈ ಸಲ ಇಳಕಲ್ಲಿನವರನ್ನು ಬಿಡುವುದಿಲ್ಲ

ಬಾಗಲಕೋಟೆಯ ನವನಗರದಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಮಗಳ ಎತ್ತರದಿಂದ. ಮನೆ ಯಜಮಾನರು ಜಾತಿ ಕೇಳಲಿಲ್ಲ, ಅಡ್ವಾನ್ಸಿನ ಮಾತೂ ಎತ್ತಲಿಲ್ಲ. ಚಿತ್ರಾಳ ಕಡೆ ಕೈ ಮಾಡಿ, "ತಂಗಿ, ಈ ಬಾಗಲದಾಗ ಒಂದೀಟು ನಿಂದ್ರ" ಎಂದರು. ಅವಳ ತಲೆ ಇನ್ನೇನು ಮೇಲಿನ ಪಟ್ಟಿಗೆ ತಾಗುವಂತಿತ್ತು. ಒಳಗೆ ಹೋಗಿ ಬೀಗದ ಕೈ ತಂದು ನನ್ನ ಕೈಗಿಟ್ಟರು. "ಈ ಸಲ ಇಳಕಲ್ಲಿನವರನ್ನ ಬಿಡೂದಿಲ್ಲ ನೋಡ್ರಿ ಅಕ್ಕಾರ!" ಅಕ್ಕಾರ ಎಂದರೆ ಇಲ್ಲಿ ಪಾಠ ಹೇಳುವ ಹೆಂಗಸು. ಮೈಸೂರಿನಿಂದ ಕಾಲೇಜಿಗೆ ವರ್ಗವಾಗಿ ಬಂದಿದ್ದ ನನಗೆ ಇಳಕಲ್ ಎಂದರೆ ಸೀರೆ ಎಂದಷ್ಟೇ ಗೊತ್ತಿತ್ತು.

ಯಜಮಾನರ ಹೆಸರು ಬೀರಪ್ಪ, ನಿವೃತ್ತ ಬಸ್ ಡ್ರೈವರ್, ಓಣಿಗೆಲ್ಲ ಕಾಕಾ. ಮನೆದೇವರನ್ನು ಬಿಟ್ಟರೆ ಅವರು ನಂಬಿದ್ದು ನವನಗರದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು. ಹಳೇ ಬಾಗಲಕೋಟೆಯಲ್ಲಿದ್ದ ಅವರ ಮನೆಯೂ ತಂಡದ ಅಂಗಳವೂ ಅಣೆಕಟ್ಟಿನ ಹಿನ್ನೀರಿಗೆ ಹೋದವು. ಇಲ್ಲಿಗೆ ಬಂದ ಮೇಲೆ ತಂಡ ಒಮ್ಮೆಯೂ ಇಳಕಲ್ಲನ್ನು ಸೋಲಿಸಿಲ್ಲ. ಆ ಊರಿನವರು ಇವರನ್ನು ಕರೆಯುವುದೇ 'ಮುಳುಗಡಿ ಟೀಮ್' ಎಂದು. ಆದರೂ ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮೊದಲು ಕಾಕಾ ಗೆದ್ದೇ ಬಿಟ್ಟವರಂತೆ ಓಡಾಡುತ್ತಾರೆ.

ನಮ್ಮ ಮೈಸೂರಿನ ನೆಂಟರು ಎಷ್ಟು ಮೃದು ಎಂಬುದು ನಿಮಗೆ ಗೊತ್ತು. ಕಾಫಿ ಲೋಟ ಕೈಗೆ ಕೊಡುತ್ತ, "ಪಾಪ, ಇಷ್ಟುದ್ದ ಬೆಳೆದುಬಿಟ್ಟಳಲ್ಲ, ಗಂಡು ಎಲ್ಲಿ ಹುಡುಕ್ತೀಯೋ" ಎನ್ನುತ್ತಿದ್ದರು. ಕೇಳಿ ಕೇಳಿ ಚಿತ್ರಾ ಬೆನ್ನು ಬಗ್ಗಿಸಿಯೇ ನಡೆಯುವುದನ್ನು ಕಲಿತಿದ್ದಳು. ಇಲ್ಲಿಯವರಿಗೆ ಆ ನಾಜೂಕಿಲ್ಲ. ಮೊದಲ ದಿನವೇ ಓಣಿಯಲ್ಲಿ ಒಬ್ಬ, "ಲೈಟಿನ ಕಂಬ ಬಂತ್ಲೇ" ಎಂದು ಕೂಗಿದ. ಕಾಕಾ ಕಟ್ಟೆಯಿಂದಲೇ ಗದರಿದರು: "ಹೌದಲೇ, ನಮ್ಮ ಟೀಮಿನ ಕಂಬ ಅದು!" ಅಂದಿನಿಂದ ಮಗಳು ನೆಟ್ಟಗೆ ನಡೆಯತೊಡಗಿದಳು. ಅದನ್ನು ನೋಡಿ ನನಗೆ ಅಳು ಬಂತು. ಈ ಊರಿನ ಬಿಸಿಲು, ಖಾರ, ಗಡುಸು ಮಾತು ಎಲ್ಲವನ್ನೂ ಅವತ್ತೇ ಕ್ಷಮಿಸಿದೆ.

ಚಿತ್ರಾ ತಂಡ ಸೇರಿದ ಮೇಲೆ ದಿನಾ ಬೆಳಿಗ್ಗೆ ಕಾಕಾ ಮನೆಯಿಂದ ಒಂದು ಚೊಂಬು ಎಮ್ಮೆಯ ಗಟ್ಟಿ ಹಾಲು ಬರುತ್ತಿತ್ತು. ನಾನು ಅದರಲ್ಲೇ ಒಂದಿಷ್ಟು ಕಾಫಿಗೆ ಬಗ್ಗಿಸಿದರೆ ಕಾಕಾ ತಡೆಯುತ್ತಿದ್ದರು. "ಚಿತ್ರವ್ವಗ ಅದು. ನೀವು ಕುಡದು ಯಾರನ್ನ ಸೋಲಸ್ತೀರಿ ಅಕ್ಕಾರ?" ಅಭ್ಯಾಸಕ್ಕೆ ಹೊರಟಾಗ ಅವಳ ಮೊಣಕಾಲಿಗೆ ತಮ್ಮ ಮನೆದೇವರು ಬೀರಪ್ಪನ ಭಂಡಾರ, ಅಂದರೆ ಪೂಜೆಯ ಅರಿಶಿನಪುಡಿ, ಹಚ್ಚುತ್ತಿದ್ದರು. ಹುಬ್ಬಳ್ಳಿಯಿಂದ ದುಬಾರಿ ಬೂಟು ತರಿಸಿಕೊಟ್ಟರು. ನಾನೂ ಸಂಜೆ ಅಂಗಳಕ್ಕೆ ಹೋಗಿ, ಕಾಕಾ ಪಕ್ಕದಲ್ಲಿ ಕುಳಿತು ಗಂಟಲು ಹರಿದುಕೊಳ್ಳುವುದನ್ನು ಕಲಿತೆ. ಮೈಸೂರಿನಲ್ಲಿ ನಾನು ಬೀದಿಯಲ್ಲಿ ಜೋರಾಗಿ ನಕ್ಕವಳೂ ಅಲ್ಲ.

ಬಾದಾಮಿಯಲ್ಲಿ ಸ್ನೇಹಕ್ಕೆಂದು ಒಂದು ಆಟ ಇಟ್ಟಿದ್ದರು. ಚಿತ್ರಾ ಚೆಂಡಿಗೆ ಹಾರಿ ಇಳಿಯುವಾಗ ಮೊಣಕಾಲು ತಿರುಚಿಕೊಂಡಿತು. ಇನ್ನು ಒಂದು ವರ್ಷ ಆಡುವ ಮಾತೇ ಇಲ್ಲ ಎಂದರು ಡಾಕ್ಟರು. ದವಾಖಾನೆಗೆ ಓಡಿಬಂದ ಕಾಕಾ ಕೇಳಿದ್ದು ಒಂದೇ. "ಇನ್ನೊಂದ ಕಾಲಿಗೆ ಏನೂ ಆಗಿಲ್ಲಲ್ರಿ?"

ಮುಂದಿನ ವಾರ ಹಾಲು ತೆಳ್ಳಗಾಯಿತು. ಆಮೇಲೆ ನಿಂತೇಹೋಯಿತು. ಕಾಕಾ ಕೆಟ್ಟವರೇನಲ್ಲ, ಸಿಕ್ಕಾಗ "ಆರಾಮ ಅದೀಯೇನವಾ?" ಎಂದು ಕೇಳುತ್ತಿದ್ದರು, ಕಣ್ಣು ಮಾತ್ರ ರಸ್ತೆಯ ಮೇಲೆ ಹೋಗುವ ಉದ್ದನೆಯ ಹುಡುಗಿಯರ ಮೇಲೆ. ಚಿತ್ರಾ ಕಿಟಕಿ ಪಕ್ಕ ಕಾಲು ಚಾಚಿ ಕುಳಿತು ಅದನ್ನೆಲ್ಲ ನೋಡುತ್ತಿದ್ದಳು.

ಮೊನ್ನೆ ಅವರು ಹುನಗುಂದ ಕಡೆಯಿಂದ ಒಬ್ಬಳನ್ನು ಕರೆತಂದರು. ಕುರಿ ಸಾಕುವವರ ಮನೆಯ ಹುಡುಗಿ, ಹೆಸರು ಮಾಳವ್ವ, ಚಿತ್ರಾಳಿಗಿಂತ ನಾಲ್ಕು ಬೆರಳು ಹೆಚ್ಚೇ. ನಮ್ಮ ಬಾಗಿಲಲ್ಲೇ ನಿಲ್ಲಿಸಿ ನೋಡಿದರು. ಅವಳ ಕಾಲಲ್ಲಿ ಸವೆದ ಚಪ್ಪಲಿ. ಕಾಕಾ ಏನನ್ನೋ ಕೇಳಬೇಕೆಂದು ಬಾಯಿ ತೆರೆದು, ಚಿತ್ರಾಳ ಮುಖ ನೋಡಿ ಮತ್ತೆ ಆ ಚಪ್ಪಲಿಯತ್ತ ಕಣ್ಣು ಹೊರಳಿಸಿದರು. ಕೇಳಲು ಅವರಿಗೂ ನಾಚಿಕೆ ಇತ್ತು. ನನಗೆ ಇರಲಿಲ್ಲ. ಒಳಗೆ ಹೋಗಿ ಮಂಚದ ಕೆಳಗಿನಿಂದ ಬೂಟು ತಂದೆ. ಮಾಳವ್ವನ ಕಾಲಿಗೆ ಅವು ಸರಿಯಾಗಿ ಕೂತಾಗ ನನ್ನ ಎದೆ ಖುಷಿಯಿಂದ ಹೊಡೆದುಕೊಂಡಿತು.

"ಲೇಸ್ ಬಿಗೀ ಕಟ್ಟವಾ, ಇಳಕಲ್ಲಿನವರು ಭಾಳ ದೂಡ್ತಾರ" ಎಂದೆ.

ಆ ಮಾತು ನನ್ನ ಬಾಯಿಂದ ಈ ಊರಿನ ಮಾತಾಗಿಯೇ ಬಂದಿತ್ತು. ಕಾಕಾ ಹಿಗ್ಗಿ, "ಅಕ್ಕಾರ ಈಗ ನಮ್ಮವರಾದ್ರು ನೋಡ್ರಿ!" ಎಂದರು. ಇಲ್ಲಿಗೆ ಬಂದಾಗಿನಿಂದ ನಾನು ಕಾಯುತ್ತಿದ್ದ ಮಾತು ಅದು.

ಕಿಟಕಿಯ ಪಕ್ಕದಿಂದ ಚಿತ್ರಾ ಹೇಳಿದಳು. "ಹಾಲೂ ಕೊಟ್ಟು ಕಳಿಸಮ್ಮ ಅವಳಿಗೆ." ಎದ್ದು ಒಳಗೆ ಹೋದಳು, ಕುಂಟುತ್ತ, ಬೆನ್ನು ಬಗ್ಗಿಸಿಕೊಂಡು.

ಬರುವ ವಾರ ಪಂದ್ಯಗಳು ಶುರು. ಮಾಳವ್ವನ ಆಟ ನೀವು ನೋಡಬೇಕು. ಈ ಸಲ ನಾವು ಗೆದ್ದೇ ಗೆಲ್ಲುತ್ತೇವೆ. ಪಕ್ಕದ ಕೋಣೆಯಲ್ಲಿ ಚಿತ್ರಾ ಮೈಸೂರಿನ ರೈಲಿಗೆ ಟಿಕೆಟ್ ತೆಗೆಸುತ್ತಿದ್ದಾಳೆ. ಎಷ್ಟು ಜನಕ್ಕೆ ಎಂದು ಫೋನಿನಲ್ಲಿ ಯಾರೋ ಕೇಳಿರಬೇಕು. "ಒಬ್ಬಳಿಗೇ, ಅಮ್ಮ ಈ ಊರಿನವರು" ಎನ್ನುತ್ತಿದ್ದಾಳೆ.