ವಾರ್ಡನ್ ಕೆಮ್ಮಿದ ಮೇಲೆ

ನಾನು ಮೈಕಿನಲ್ಲಿ ಒಮ್ಮೆ ಕೆಮ್ಮಿ ಎರಡು ಚಪ್ಪಾಳೆ ತಟ್ಟಿದ್ದೇ ತಡ, ಬರ್ಕ್ಲಿಯ ಆ ಹಾಲಿನಲ್ಲಿದ್ದ ಅರ್ಮೇನಿಯನ್ ಅಜ್ಜಂದಿರೆಲ್ಲ ಎದ್ದು, ಗಿಡ್ಡರು ಮುಂದೆ, ಉದ್ದನೆಯವರು ಹಿಂದೆ ಸಾಲಾಗಿ ನಿಂತುಬಿಟ್ಟರು.

ಅವರು ಓದಿದ ಬೋರ್ಡಿಂಗ್ ಸ್ಕೂಲನ್ನು ಟ್ರಸ್ಟಿನವರು ಮುಚ್ಚಲು ಹೊರಟಿದ್ದರು. ಉಳಿಸಿಕೊಳ್ಳಲೆಂದು ಸೇರಿದ್ದ ಎರಡು ಹಳೆ ವಿದ್ಯಾರ್ಥಿ ಸಂಘಗಳು, ಮುಂದಾಳು ಯಾರು ಅಂತ ಕಿತ್ತಾಡುತ್ತಿದ್ದವು. ನಮ್ಮ ಕನ್ನಡದವರ ಮೀಟಿಂಗಿಗೇ ಬಂದೆನೇನೋ ಅನ್ನಿಸಿತ್ತು. ಮೈಕು ಜೋಡಿಸಲು ನನ್ನನ್ನು ಕರೆತಂದವರು ಪಕ್ಕದ ಮನೆಯ ಹಗೋಪ್ ಅಂಕಲ್. ಅವರ ಸ್ಕೂಲಿನ ವಾರ್ಡನ್ ಬೆಳಿಗ್ಗೆ ಹೀಗೇ ಕೆಮ್ಮಿ, ಚಪ್ಪಾಳೆ ತಟ್ಟಿ ಹುಡುಗರನ್ನು ಎಬ್ಬಿಸಿ ಸಾಲು ನಿಲ್ಲಿಸುತ್ತಿದ್ದ ರೀತಿಯನ್ನು ಅವರಿಂದಲೇ ಕಲಿತಿದ್ದೆ. ಎಲ್ಲರ ದನಿಯೂ ನನಗೆ ಬರುತ್ತದೆ, ನನ್ನದೊಂದು ಬಿಟ್ಟು.

ಎರಡೂ ಸಂಘದವರು ಒಂದೇ ಸಾಲಿನಲ್ಲಿ ಬೆರೆತುಹೋಗಿದ್ದರು. ನಾನು ಬೈಸಿಕೊಳ್ಳಲು ತಯಾರಾದೆ. ಎಲ್ಲರಿಗಿಂತ ಗಿಡ್ಡ ಅಜ್ಜ ಹಿಂದೆ ತಿರುಗಿ, "ಆಗಲೂ ನನ್ನನ್ನೇ ಮುಂದೆ ನಿಲ್ಲಿಸ್ತಿದ್ರಿ. ಸರಿ, ಟ್ರಸ್ಟಿನವರ ಎದುರಿಗೂ ನಾನೇ ನಿಲ್ತೀನಿ. ಅದು ಹೇಗೆ ಮುಚ್ತಾರೋ ನೋಡೋಣ. ಹಿಂದೆ ಯಾರೂ ಕದಲಬೇಡಿ" ಎಂದರು.

ಯಾರೂ ಕದಲಲಿಲ್ಲ. ಸ್ಕೂಲು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಸಂಘ ಮಾತ್ರ ಈಗ ಒಂದೇ. ಮುಂದಿನ ವಾರ ಅದೇ ಸಾಲಿನಲ್ಲಿ ಟ್ರಸ್ಟಿನ ಆಫೀಸಿಗೆ ಹೋಗುತ್ತಾರಂತೆ. ಕೆಮ್ಮಲು ನಾನೂ ಬರಬೇಕಂತೆ. ನನ್ನ ಆಫೀಸಿಗೆ ರಜೆ ಹಾಕಿದ್ದೇನೆ, ಕಾರಣ ಕೆಮ್ಮು.